ನೀನು ಬರೆಯದ ಶಿಫಾರಸು

ಮಾನ್ವಿ
೧೭ ಆಗಸ್ಟ್ ೧೯೮೬

ಬಸವಂತಿ,

ನಿನ್ನ ಎರಡೂ ಕಾಗದ ಮುಟ್ಟಿವೆ. ಮೇ ತಿಂಗಳಲ್ಲೊಂದು, ಜೂನ್‌ನಲ್ಲೊಂದು. ಇಷ್ಟು ದಿನ ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮೆ ಕೇಳುವುದು ರೂಢಿ. ನಾನು ಕೇಳುವುದಿಲ್ಲ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಹರಿಯುವುದಿಲ್ಲ. ನಾವು ಕ್ಷೇಮ. ಅವ್ವನಿಗೆ ಮೊಣಕಾಲು ನೋವು ಹೆಚ್ಚಾಗಿದೆ, ಅಂತೂ ಊರು ಚೀಕಲಪರ್ವಿ ಬಿಟ್ಟು ನನ್ನ ಜೊತೆ ಇರಲು ಒಪ್ಪಿದ್ದಾಳೆ. ನಿನ್ನ ಕ್ಷೇಮ ವಿಚಾರಿಸುವ ಮನಸ್ಸು ಸದ್ಯಕ್ಕೆ ನನಗಿಲ್ಲ.

"ಆ ಹುಡುಗಿಯ ಒಳ್ಳೆಯದಕ್ಕೇ ಹೇಳಿದೆ, ನಿನಗ್ಯಾಕೆ ಇಷ್ಟು ಸಿಟ್ಟು?" ಎಂದು ಎರಡು ಕಾಗದದಲ್ಲೂ ಕೇಳಿದ್ದೀ. ಆ ಹುಡುಗಿಯಂತೆ! ಅವಳು ನನ್ನ ತಂಗಿ ಗೋಪಮ್ಮ. ನಾನೂ ನೀನೂ ರಾಯಚೂರಿನಲ್ಲಿ ಬಿ.ಎ. ಓದುವಾಗ ಅವ್ವನ ಜೊತೆ ಹಾಸ್ಟೆಲ್ಲಿಗೆ ಬಂದು ನಿನ್ನ ಕೈಯಿಂದಲೇ ಜಡೆ ಹಾಕಿಸಿಕೊಳ್ಳುತ್ತಿದ್ದವಳು. ನೀನು ಮನಃಶಾಸ್ತ್ರದ ಲೆಕ್ಚರರ್ ಆಗಿದ್ದೀ ಎಂದೇ ಅವಳು ನಿನ್ನ ಕಾಲೇಜು ಸೇರಿ, ಆ ವಿಷಯ ತೆಗೆದುಕೊಂಡದ್ದು.

ಮಾರ್ಚ್‌ನಲ್ಲಿ ನೀನು ಕೊನೆಯ ವರ್ಷದವರನ್ನು ಕೂರಿಸಿಕೊಂಡು ಮುಂದೇನು ಓದಬೇಕು, ಯಾವ ನೌಕರಿ ಸಿಗುತ್ತದೆ ಎಂದು ಹೇಳಿದೆಯಂತೆ. ಬರೀ ಬಿ.ಎ. ಇಟ್ಟುಕೊಂಡರೆ ಈ ವಿಷಯದಲ್ಲಿ ಏನೂ ಆಗುವುದಿಲ್ಲ, ಎಂ.ಎ. ಮಾಡಬೇಕು, ಧಾರವಾಡದಲ್ಲಿ ಹೊರಗಿನವರಿಗೆ ಸೀಟು ಕಡಿಮೆ, ಬಲ್ಲವರ ಶಿಫಾರಸು ಬೇಕು ಎಂದೆಲ್ಲ ಸರಿಯಾಗಿಯೇ ಹೇಳಿದ್ದೀ. ಆಗ ಗೋಪಮ್ಮ ಎದ್ದು ನಿಂತಳು.

"ಮೇಡಂ, ನಾ ಧಾರವಾಡಕ್ಕ ಅರ್ಜಿ ಹಾಕ್ಬೇಕಂತ ಮಾಡೀನ್ರಿ. ನಿಮ್ದೊಂದು ಪತ್ರ ಕೊಡ್ತೀರೇನ್ರಿ?"

ನೀನು ಏನೆಂದೆ? ನೆನಪಿಲ್ಲದಿದ್ದರೆ ನಾನೇ ಬರೆಯುತ್ತೇನೆ. "ಅದಕ್ಕ ಬರೇ ಮಾರ್ಕ್ಸ್ ಸಾಲಂಗಿಲ್ಲವಾ, ಇಂಗ್ಲಿಷ್ ಬೇಕು, ಮನಿತನದ ಸಂಸ್ಕಾರ ಬೇಕು. ನೀ ಟಿ.ಸಿ.ಎಚ್. ಮಾಡಿ ಸಾಲಿ ಟೀಚರ್ ಆಗು, ನಿಮ್ಮಂಥವ್ರಿಗೆ ನೌಕರಿ ಲಗೂ ಸಿಗ್ತದ." ಮುಂದಿನ ಬೆಂಚಿನವರು ನಕ್ಕರಂತೆ. ನೀನು ಅವರನ್ನು ಗದರಲಿಲ್ಲವಂತೆ.

ಶನಿವಾರ ಗೋಪಮ್ಮ ಬಸ್ಸಿಳಿದು ಬಂದವಳು ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕೂತಳು. ಅವ್ವ ರೊಟ್ಟಿ ಇಟ್ಟರೆ, "ಯವ್ವಾ, ನಾ ಟಿ.ಸಿ.ಎಚ್. ಮಾಡ್ತೀನಿ" ಎಂದಷ್ಟೇ ಹೇಳಿದಳು. ತರಗತಿಯಲ್ಲಿ ನಡೆದದ್ದನ್ನು ಅವಳ ಬಾಯಿಂದ ಹೊರಡಿಸಲು ನನಗೆ ಎರಡು ದಿನ ಹಿಡಿಯಿತು.

ಸೋಮವಾರ ನಾನು ನನ್ನ ಶಾಲೆಗೆ ರಜೆ ಹಾಕಿ ನಿನ್ನ ಕಾಲೇಜಿಗೆ ಬಂದೆ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗೆದ್ದು ನನ್ನನ್ನು ಮೂಕಿ ಎಂದು ಕರೆಯುತ್ತಿದ್ದ ನೀನು, ಅಷ್ಟು ಜನರ ಮುಂದೆ, "ನೋಡ್ರೀ ಟೀಚರ್, ಮಕ್ಕಳ ಯೋಗ್ಯತಾ ನೋಡಿ ದಾರಿ ತೋರಸೂದು ನಮ್ಮ ಕೆಲಸ" ಎಂದೆ. ಕುರ್ಚಿ ತೋರಿಸಲಿಲ್ಲ. ನಾನು ತಿರುಗಿ ಮೆಟ್ಟಿಲಿಳಿದೆ. ಬಿ.ಎ.ಯಲ್ಲಿ ನಿನಗಿಂತ ಹೆಚ್ಚು ಅಂಕ ತೆಗೆದವಳು ನಾನು, ಬಸವಂತಿ. ಅದನ್ನಾದರೂ ಅಲ್ಲಿ ಹೇಳಬೇಕಿತ್ತು.

ಜೂನ್‌ನಲ್ಲಿ ಅರ್ಜಿ ತರಿಸಿದೆ. ಗೋಪಮ್ಮನನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದೆ. ನನಗೂ ನಿನಗೂ ಪಾಠ ಮಾಡಿದ ಮಹಾಂತಯ್ಯ ಸರ್ ನಿವೃತ್ತರಾಗಿ ಅಲ್ಲೇ ಇದ್ದಾರೆ. ಕಣ್ಣು ಮಂಜಾಗಿದೆ, ದನಿ ಹಾಗೇ ಇದೆ. ಒಳಗೆ ಕರೆದು ಮಂಚದ ಮೇಲೆ ಕೂರಿಸಿಕೊಂಡರು. "ನೀ ಯಾಕ ಧಾರವಾಡಕ್ಕ ಹೋಗ್ಲಿಲ್ಲವಾ ಮೂಕಮ್ಮಾ?" ಎಂದರು. ಅಪ್ಪ ತೀರಿಕೊಂಡಿದ್ದ, ಮನೆ ನಡೆಯಬೇಕಿತ್ತು ಎಂದೆ. ಅವರು ಗೋಪಮ್ಮನ ಕಡೆ ತಿರುಗಿ, "ನೀ ಯಾಕ ಹೋಗ್ಬೇಕು?" ಎಂದರು.

ಅವಳು ಖಾಸಿಂ ಬೀ ಕಥೆ ಹೇಳಿದಳು. ಚೀಕಲಪರ್ವಿಯಲ್ಲಿ ನಮ್ಮ ಓಣಿಯವಳೇ. ಮಗು ಹೊಳೆಯ ಪಾಲಾದ ಮೇಲೆ ಎರಡು ವರ್ಷ ಯಾರೊಡನೆಯೂ ಮಾತಾಡಿರಲಿಲ್ಲ. ದರ್ಗಾ ಆಯಿತು, ತಾಯತ ಆಯಿತು. ಗೋಪಮ್ಮ ರಜೆಗೆ ಬಂದಾಗ ದಿನಾ ಹೋಗಿ ಸುಮ್ಮನೆ ಅವಳ ಪಕ್ಕ ಕೂತು ಕಾಳು ಹಸನು ಮಾಡುತ್ತಿದ್ದಳು, ಪಲ್ಯ ಮಾಡಿಕೊಡುತ್ತಿದ್ದಳು. ಒಂದು ದಿನ ಖಾಸಿಂ ಬೀ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗೇದ" ಎಂದಳಂತೆ.

"ಯಾಕ ಮಾತಾಡಿದ್ಲು ಅಂತ ನಂಗ ಗೊತ್ತಿಲ್ರಿ ಸರ್. ಅದನ್ನ ಕಲೀಬೇಕ್ರಿ" ಎಂದಳು ನನ್ನ ತಂಗಿ.

ಸರ್ ಪೆನ್ನು ಕೇಳಿ, ಕಣ್ಣಿಗೆ ಹಾಳೆ ತಾಗುವಷ್ಟು ಬಗ್ಗಿ, ಶಿಫಾರಸಿನಲ್ಲಿ ಅದನ್ನೆಲ್ಲ ತಾವೇ ಬರೆದುಕೊಟ್ಟರು.

ಸಂದರ್ಶನಕ್ಕೆ ನಾನೂ ಧಾರವಾಡಕ್ಕೆ ಹೋಗಿದ್ದೆ. ಅವಳ ಇಂಗ್ಲಿಷ್ ಎರಡು ಕಡೆ ನಿಂತುಹೋಯಿತಂತೆ. ಒಬ್ಬರು ಕನ್ನಡದಲ್ಲೇ, "ಈ ಖಾಸಿಂ ಬೀ ಯಾರಮ್ಮಾ?" ಎಂದು ಕೇಳಿದ ಮೇಲೆ ಇಪ್ಪತ್ತು ನಿಮಿಷ ಇವಳೇ ಮಾತಾಡಿದಳಂತೆ. ಪಟ್ಟಿಯಲ್ಲಿ ಅವಳ ಹೆಸರು ಏಳನೆಯದು. ಹಾಸ್ಟೆಲ್ ಸೇರಿ ಹದಿನೇಳು ದಿನವಾಯಿತು.

ಇದನ್ನು ನಿನಗೆ ತಿಳಿಸಲೆಂದೇ ಬರೆದೆ. ನಿನ್ನ ಪತ್ರವಿಲ್ಲದೆಯೂ ಆಯಿತು. ಇನ್ನು ನನಗೆ ಕಾಗದ ಬರೆಯಬೇಡ. ಬರೆದರೂ ಒಡೆಯುವುದಿಲ್ಲ. ನಿನ್ನ ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಅವಳು ತರಗತಿಯಲ್ಲಿ ಎದ್ದು ನಿಂತ ದಿನ, ಎದುರಿಗೆ ನಿನ್ನಂಥವರು ಇಲ್ಲದಿರಲಿ.

ಮೂಕಮ್ಮ

ತಾ.ಕ.: ಕಾಗದ ಮಡಚಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ತಂಗಿಯನ್ನು ಹಾಸ್ಟೆಲ್ಲಿಗೆ ಸೇರಿಸಿದ ದಿನ ಧಾರವಾಡದ ಬಸ್ ನಿಲ್ದಾಣದಲ್ಲಿ ನಾನು ನಿನ್ನನ್ನು ಬೈಯುತ್ತಿದ್ದಾಗ ಗೋಪಮ್ಮ ಹೇಳಿದಳು: "ಯಕ್ಕಾ, ಸಾಕು ಬಿಡು. ಅಕಿ ಅಂದದ್ದು ನಂಗೇನು ಹೊಸಾದಲ್ಲ. ಅದರ ಹಿಂದಿನ ಐತಾರ ನೀನೇ ಅಂದಿದ್ದಿ, ನಮ್ಮಂಥವ್ರಿಗೆ ಟಿ.ಸಿ.ಎಚ್. ಸಾಕು ಅಂತ. ನೀ ಅಂದದ್ದು ಸುಳ್ಳು ಅಂತ ಅಕಿ ಹೇಳ್ತಾಳ ಅಂತ ಎದ್ದು ನಿಂತಿದ್ದೆ."

ಹೌದು, ಅಂದಿದ್ದೆ. ಅವಳಿಗೆ ಸೀಟು ಸಿಕ್ಕಿಬಿಟ್ಟರೆ, ಹನ್ನೊಂದು ವರ್ಷದ ಹಿಂದೆ ನನಗೂ ಸಿಗುತ್ತಿತ್ತು ಎಂದಾಗುತ್ತಿತ್ತಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. ನನ್ನ ಬಸ್ಸು ಹೊರಟಾಗ ಅವಳು ಕೈಯೆತ್ತಲಿಲ್ಲ. ನಿನಗೆ ಇಷ್ಟೆಲ್ಲ ಬರೆದೆ. ಅವಳಿಗೆ ಬರೆಯಲು ದಿನಾ ಕೂರುತ್ತೇನೆ, ಅವಳ ಹೆಸರಿನಾಚೆ ಕೈ ಓಡುವುದಿಲ್ಲ.