ಒಂದು ಲೀಟರಿನ ಓಟ

ಮಾರ್ಚ್ 3, ಸೋಮವಾರ

ಇವತ್ತೂ ಎರಡು ಡೆಮೊ. ಬೆಳಿಗ್ಗೆ ಒಬ್ಬರು ಮೇಷ್ಟ್ರು, ಮಧ್ಯಾಹ್ನ ಔಷಧಿ ಅಂಗಡಿಯವರು. ಅದೇ ಹಳೇ ಕಾರು, ಅದೇ ರಿಂಗ್ ರೋಡು. ಟ್ಯಾಂಕಿನ ಪೈಪ್ ಬಿಚ್ಚಿ ಒಂದು ಲೀಟರ್ ಪೆಟ್ರೋಲಿನ ಬಾಟಲಿ ಕಟ್ಟುವುದು. ಅದು ಮುಗಿದು ಕಾರು ತಾನಾಗಿ ನಿಲ್ಲುವವರೆಗೂ ನಾನು ಓಡಿಸುವುದು. ನಿಂತ ಕೂಡಲೇ ಹಿಂದಿನ ಸೀಟಿನವರು ಮುಂದಕ್ಕೆ ಬಗ್ಗಿ ಮೀಟರ್ ನೋಡುತ್ತಾರೆ. ಇಪ್ಪತ್ತನಾಲ್ಕು ಚಿಲ್ಲರೆ ಕಿಲೋಮೀಟರ್. ಮೇಷ್ಟ್ರ ಹತ್ತಿರವೂ ಇಂಥದೇ ಕಾರು. ಹದಿನಾರು ದಾಟುವುದಿಲ್ಲವಂತೆ.

"ಎಲ್ಲಾ ನೀರಿನ ಕೆಲಸ ಸಾರ್," ಅಂದ ತಮ್ಮ. ಬಾನೆಟ್ ಎತ್ತಿ ಸ್ಟೀಲ್ ಡಬ್ಬಿ ತೋರಿಸಿದ. ಒಳಗೆ ತಗಡುಗಳು, ನೀರು, ಚಿಟಿಕೆ ಕಾಸ್ಟಿಕ್ ಸೋಡಾ. ಬ್ಯಾಟರಿಯ ಕರೆಂಟು ನೀರನ್ನು ಒಡೆಯುತ್ತದೆ, ಹೈಡ್ರೋಜನ್ ಗ್ಯಾಸ್ ಬರುತ್ತದೆ, ಅದು ಪೈಪಿನಲ್ಲಿ ಇಂಜಿನ್ನಿಗೆ ಹೋಗಿ ಪೆಟ್ರೋಲನ್ನು ಪೂರ್ತಿ ಉರಿಸುತ್ತದೆ... ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ.

ಮೇಷ್ಟ್ರು ಆ ಡಬ್ಬಿಯ ಕಿಟ್ ಒಂದನ್ನು ಬುಕ್ ಮಾಡಿದರು. ಮನೆಯವರೆಗೂ ತಮ್ಮ ಶಿಳ್ಳೆ ಹಾಕಿಕೊಂಡು ಬಂದ.

ಮಾರ್ಚ್ 6, ಗುರುವಾರ

ಹೊಸ ಕಿಟ್‌ಗಳು ಬಂದವು. ಇಡಲು ಜಾಗವಿಲ್ಲ. ಹಾಲ್‌ನಲ್ಲಿ ತಮ್ಮನ ಮಗಳು ಪುಟ್ಟಿಯ ಓದು, ಅಡುಗೆಮನೆಯಲ್ಲಿ ನಾದಿನಿಯ ಹೊಲಿಗೆ ಮಿಷನ್ನು. ಎಲ್ಲ ನನ್ನ ಕೋಣೆಗೇ ಬಂತು. ಕಿಟಕಿ ಅರ್ಧ ಮುಚ್ಚಿಹೋಯಿತು. ಮಗ್ಗುಲು ಬದಲಿಸಿದರೆ ಮೊಣಕೈಗೆ ರಟ್ಟು ತಾಗುತ್ತದೆ.

"ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ ಅಕ್ಕಾ," ಅಂದ.

ಏನು ಹೇಳಲಿ. ಗಂಡನ ಮನೆ ಬಿಟ್ಟು ಬಂದ ದಿನ ಇವನು ಬಾಗಿಲಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈಯಿಂದ ಚೀಲ ತೆಗೆದುಕೊಂಡ, ಅಷ್ಟೇ. ಆಗ ಅವನ ಫ್ಯಾಕ್ಟರಿಯೂ ಮುಚ್ಚಿತ್ತು. ಆದರೂ ಮುಖ ಸಿಂಡರಿಸಲಿಲ್ಲ.

ಮಾರ್ಚ್ 7, ಶುಕ್ರವಾರ

ಡೆಮೊ ಮುಗಿಸಿ ಬಂದು ಬಾನೆಟ್ ಎತ್ತಿ ಒಳಗೆ ಒರೆಸುತ್ತಿದ್ದೆ. ಡಬ್ಬಿಗೆ ಕೈ ತಾಗಿತು. ತಣ್ಣಗಿದೆ. ಓಡಿ ಬಂದ ಮೇಲೆ ಬೆಚ್ಚಗಿರಬೇಕು. ಇಂಜಿನ್ ಚಾಲೂ ಮಾಡಿ ಮುಚ್ಚಳ ತೆಗೆದು ನೋಡಿದೆ... ಒಂದು ಗುಳ್ಳೆಯಿಲ್ಲ. ಡಬ್ಬಿಗೆ ಕರೆಂಟು ಕೊಡುವ ಫ್ಯೂಸ್ ಸುಟ್ಟಿದೆ. ಇವತ್ತು ಸುಟ್ಟಿದ್ದಲ್ಲ, ತಂತಿಯ ತುದಿಗೆ ಹಸಿರು ಕಿಲುಬು ಹತ್ತಿದೆ.

ಅಂದರೆ ಇವತ್ತು ಗ್ಯಾಸ್ ಇರಲಿಲ್ಲ. ಮೇಷ್ಟ್ರನ್ನು ಕೂರಿಸಿಕೊಂಡು ಹೋದಾಗಲೂ ಇರಲಿಲ್ಲ.

ಆದರೂ ಇಪ್ಪತ್ತನಾಲ್ಕು.

ಮಾರ್ಚ್ 8, ಶನಿವಾರ

ಯಾರಿಗೂ ಹೇಳದೆ ಹೊಸ ಫ್ಯೂಸ್ ಹಾಕಿದೆ. ಗುಳ್ಳೆ ಬಂತು, ಡಬ್ಬಿ ಬೆಚ್ಚಗಾಯಿತು. ಔಷಧಿ ಅಂಗಡಿಯವರ ಭಾವನಿಗೆ ಡೆಮೊ. ಕಾರು ನಿಂತಿದ್ದು ನಿನ್ನೆ ನಿಂತ ಅದೇ ನೀರಿನ ಟ್ಯಾಂಕಿನ ಹತ್ತಿರ.

ಹಾಗಾದರೆ ಇದು ನನ್ನ ಕಾಲಿನ ಕೆಲಸ. ಬೇರೇನಲ್ಲ. ಮದುವೆಗೆ ಮುಂಚೆ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದೆನಲ್ಲ, ಆ ಅಭ್ಯಾಸ. ಕೆಂಪು ದೀಪ ದೂರದಲ್ಲಿ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಇಳಿಜಾರಿನಲ್ಲಿ ಗಾಡಿಯನ್ನು ಅದರ ಪಾಡಿಗೆ ಬಿಡುವುದು. ಬ್ರೇಕ್ ತುಳಿಯುವ ಪ್ರಸಂಗವೇ ಬರದ ಹಾಗೆ ಓಡಿಸುವುದು. ಗೊತ್ತಿಲ್ಲದೆ ಇಷ್ಟು ದಿನ ಊರಿಗೆಲ್ಲ ನನ್ನ ಕಾಲನ್ನು ಡಬ್ಬಿಯಲ್ಲಿ ಹಾಕಿ ಮಾರಿದ್ದೇವೆ.

ನಗು ಬಂತು. ಆಮೇಲೆ ಬರಲಿಲ್ಲ.

ಮಾರ್ಚ್ 15, ಶನಿವಾರ

ವಾರವೆಲ್ಲ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದೆ. ಇವತ್ತು ನಾದಿನಿಗೆ ಹೇಳಿಬಿಟ್ಟೆ. ಬಟ್ಟೆ ಒಣಗಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತು ಅತ್ತಿಗೆ."

"ಗೊತ್ತಾ?"

"ಡಬ್ಬಿ ನೀರಲ್ಲಿ ಕಾರು ಓಡೋದಾದ್ರೆ ಲೋಕದಲ್ಲಿ ಇಷ್ಟು ಜನ ಪೆಟ್ರೋಲ್ ಬಂಕ್ ಮುಂದೆ ಯಾಕೆ ನಿಲ್ತಿದ್ರು?" ಒಂದು ಶರ್ಟ್ ಕೊಡವಿ ತಂತಿಗೆ ಹಾಕಿದಳು. ತಮ್ಮನದು. "ಫ್ಯಾಕ್ಟರಿ ಮುಚ್ಚಿದ ಮೇಲೆ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ನೀವು ನೋಡಿದೀರಿ. ಪುಟ್ಟಿ ಮಾತಾಡಿಸಿದ್ರೂ ತಿರುಗ್ತಿರ್ಲಿಲ್ಲ. ಈಗ ತಾವೇ ಎದ್ದು ಸ್ನಾನ ಮಾಡ್ತಾರೆ, ಶರ್ಟಿಗೆ ಇಸ್ತ್ರಿ ಹಾಕ್ಕೋತಾರೆ. ಅದನ್ನ ಕಿತ್ಕೋಬೇಡಿ."

"ತಗೊಂಡವರಿಗೆ ಮೋಸ ಅಲ್ವೇನೇ?"

ಅವಳು ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡಳು. ಮುಂದಿನ ಬಟ್ಟೆಗೆ ಬಗ್ಗಿದಳು.

ಮಾರ್ಚ್ 16, ಭಾನುವಾರ

ಹಳೇ ಡ್ರೈವಿಂಗ್ ಸ್ಕೂಲಿನ ಮೇಡಂ ಫೋನ್. ಎಷ್ಟು ವರ್ಷದ ಮೇಲೆ. ಬೇರೆ ಊರಿನಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಸೆಂಟರ್ ತೆಗೆದಿದ್ದಾರಂತೆ. ಕಲಿಸುವವರು ಬೇಕು, ಇರಲು ರೂಮೂ ಕೊಡುತ್ತಾರೆ. "ಏಪ್ರಿಲ್ ಹದಿನಾಲ್ಕಕ್ಕೆ ಬ್ಯಾಚ್ ಶುರು. ಅವತ್ತು ಬೆಳಿಗ್ಗೆ ಹತ್ತಕ್ಕೆ ನೀನು ಇಲ್ಲಿರ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು."

ಬರ್ತೀನಿ ಅಂದುಬಿಟ್ಟೆ. ಆ ರೂಮಿಗೆ ಕಿಟಕಿ ಇದೆಯಾ ಅಂತ ಕೇಳಲು ಮರೆತೆ.

ಮಾರ್ಚ್ 27, ಗುರುವಾರ

ಬರೆಯಲು ಪುರುಸೊತ್ತೇ ಇಲ್ಲ. ಹೋದ ವಾರ ಮೇಷ್ಟ್ರು ಫೋನ್ ಮಾಡಿ ಕೂಗಾಡಿದರು. ಕಿಟ್ ಹಾಕಿಸಿದರೂ ಅದೇ ಹದಿನಾರು. ತಮ್ಮ ತಡವರಿಸಲೂ ಇಲ್ಲ. "ಓಡಿಸೋ ರೀತಿ ಸರಿಯಿಲ್ಲ ಸಾರ್. ಕಿಟ್‌ಗೆ ಒಂದು ಪದ್ಧತಿ ಇದೆ. ಅಕ್ಕನ್ನ ಕಳಿಸ್ತೀನಿ."

ದಿನಾ ಬೆಳಿಗ್ಗೆ ಮೇಷ್ಟ್ರ ಪಕ್ಕ ಕೂತು ಹೇಳಿಕೊಟ್ಟೆ. ಸಾರ್, ಕಾಲು ತೆಗೀರಿ. ಸಾರ್, ಮುಂದಿನ ಬಸ್ ನಿಲ್ತಿದೆ, ಈಗ್ಲೇ ಬಿಡಿ. ಪಾಪ, ಶ್ರದ್ಧೆಯ ಮನುಷ್ಯ. ಇವತ್ತು ಇಪ್ಪತ್ತೊಂದು ಬಂತು. ಇಳಿದು ನನ್ನ ಕಡೆ ನೋಡಲಿಲ್ಲ. ಬಾನೆಟ್ ಎತ್ತಿ ಡಬ್ಬಿಯ ಮೈ ಸವರಿದರು. ಮಗು ಶಾಲೆಯಲ್ಲಿ ಬಹುಮಾನ ತಂದ ಹಾಗೆ.

ಸಂಜೆ ತಮ್ಮ ಹೊಸ ಬೋರ್ಡ್ ಬರೆಸಿಕೊಂಡು ಬಂದ. 'ಪ್ರತಿ ಕಿಟ್ ಜೊತೆ ಅಕ್ಕನಿಂದ ಟ್ರೇನಿಂಗ್ ಉಚಿತ.' ಅಕ್ಕನಿಂದ ಅನ್ನುವುದು ಕೆಂಪಕ್ಷರದಲ್ಲಿ. ಔಷಧಿ ಅಂಗಡಿಯವರು ಸೋಮವಾರದಿಂದ. ಅವರ ಭಾವ ಅದರ ಮುಂದಿನ ವಾರ...

ಊರು ಬಿಡುವ ಸುದ್ದಿ ಬಾಯಿಗೆ ಬಂದಿತ್ತು. ಬೋರ್ಡ್ ಹಿಡಿದು ನಿಂತಿದ್ದ. ಚೆನ್ನಾಗಿದೆ ಕಣೋ ಅಂದೆ.

ಏಪ್ರಿಲ್ 2, ಬುಧವಾರ

ಕೊನೆಗೂ ತಮ್ಮನಿಗೆ ಹೇಳಿದೆ. ಬಾಯಲ್ಲಿ ಹೇಳುವ ಬದಲು ಮಾಡಿ ತೋರಿಸಿದೆ. ಅವನ ಕಣ್ಣೆದುರೇ ಫ್ಯೂಸ್ ಕಿತ್ತು ಅವನ ಜೇಬಿಗೆ ಹಾಕಿದೆ. ಬಾಟಲಿ ಕಟ್ಟಿದೆ. ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಕಾರು ನೀರಿನ ಟ್ಯಾಂಕಿನ ಹತ್ತಿರ ನಿಂತಿತು.

ಬಹಳ ಹೊತ್ತು ಮೀಟರ್ ನೋಡಿದ.

"ಅದು ಹಾಗಲ್ಲ ಅಕ್ಕಾ. ಇಷ್ಟು ದಿನ ಗ್ಯಾಸ್ ಹೋಗಿ ಹೋಗಿ ಇಂಜಿನ್ ಒಳಗೆಲ್ಲ ಕ್ಲೀನ್ ಆಗಿದೆ. ಆ ಗುಣ ಉಳ್ಕೊಂಡಿದೆ."

"ಮೇಷ್ಟ್ರ ಇಂಜಿನ್?"

"ಅದೂ ಕ್ಲೀನ್ ಆಗ್ತಿದೆ."

ಹದಿನಾಲ್ಕನೇ ತಾರೀಕಿನ ವಿಷಯವನ್ನೂ ಹೇಳಿದೆ. ರಸ್ತೆ ನೋಡುತ್ತಾ ಕೂತ. "ಹನ್ನೆರಡನೇ ತಾರೀಕು ಟ್ಯಾಕ್ಸಿ ಕಂಪನಿ ಯಜಮಾನರೊಬ್ಬರು ಬರ್ತಾರೆ. ತಮ್ಮ ಎಲ್ಲಾ ಗಾಡಿಗೂ ಹಾಕಿಸ್ತಾರಂತೆ. ಅದೊಂದು ಆಗ್ಲಿ. ಆಮೇಲೆ ನೋಡೋಣ."

ನೋಡೋಣ. ಎಲ್ಲಾ ಗಾಡಿಗೂ ಹಾಕಿಸಿದರೆ ಎಲ್ಲಾ ಡ್ರೈವರುಗಳ ಪಕ್ಕದಲ್ಲೂ ನಾನೇ ಕೂರಬೇಕು. ಜನ್ಮ ಕಳೆಯುತ್ತದೆ.

ಏಪ್ರಿಲ್ 12, ಶನಿವಾರ

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಟ್ಯಾಕ್ಸಿ ಯಜಮಾನರು ಬಂದರು. ದಪ್ಪಗಿನ ಮನುಷ್ಯ, ಒಳ್ಳೆಯ ಮಾತು. ಹಿಂದಿನ ಸೀಟಿನಲ್ಲಿ ಅವರು, ಅವರ ಪಕ್ಕ ತಮ್ಮ. ಹೊರಡುವಾಗ ಏನೂ ತೀರ್ಮಾನ ಮಾಡಿರಲಿಲ್ಲ, ಆಣೆ. ರಿಂಗ್ ರೋಡಿನ ಮೊದಲ ತಿರುವಿನಲ್ಲಿ ಯಜಮಾನರು, "ನಮ್ಮ ಹುಡುಗರಿಗೂ ನೀವೇ ಕಲಿಸ್ತೀರಂತಲ್ಲಮ್ಮ, ವರ್ಷ ಪೂರ್ತಿ ಕೆಲಸ ಇರತ್ತೆ," ಅಂದರು. ಕಾಲು ತಾನಾಗಿ ಕೆಳಗೆ ಹೋಯಿತು.

ಎಲ್ಲರೂ ಓಡಿಸುವ ಹಾಗೆ ಓಡಿಸಿದೆ. ನುಗ್ಗಿದೆ, ಬ್ರೇಕ್ ತುಳಿದೆ, ಮತ್ತೆ ನುಗ್ಗಿದೆ. ಇಂಜಿನ್ ಗುರ್ ಅಂತಿತ್ತು.

ಆಗ ಹಿಂದಿನಿಂದ, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ—

"ಅಕ್ಕಾ, ಕಾಲು."

ಕಿಟ್ ಅನ್ನಲಿಲ್ಲ. ಗ್ಯಾಸ್ ಅನ್ನಲಿಲ್ಲ, ಫ್ಯೂಸ್ ಅನ್ನಲಿಲ್ಲ.

ಕಾರು ನೀರಿನ ಟ್ಯಾಂಕಿಗಿಂತ ಎಷ್ಟೋ ಮೊದಲೇ, ಮರದ ಡಿಪೊ ಎದುರು ಉಸಿರು ಬಿಟ್ಟಿತು. ಯಜಮಾನರು ಮೀಟರ್ ನೋಡಿ ನಕ್ಕರು. ಬೈಯಲಿಲ್ಲ. ತಮ್ಮದೇ ಒಂದು ಟ್ಯಾಕ್ಸಿ ಕರೆಸಿಕೊಂಡು ಹೋದರು.

ನಿಂತ ಕಾರಿನಲ್ಲಿ ನಾವಿಬ್ಬರೇ. ನಾನು ಮುಂದೆ, ಅವನು ಹಿಂದೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಕೇಳಿದೆ.

"ಯಾವಾಗಿಂದ ಗೊತ್ತು?"

"ಮೊದಲಿಂದ. ಕಿಟ್ ಹಾಕಿ ನಾನೇ ಓಡಿಸಿ ನೋಡಿದ್ದೆ. ಏನೂ ವ್ಯತ್ಯಾಸ ಬರ್ಲಿಲ್ಲ. ಮಾರನೇ ದಿನ ನೀನು ಓಡಿಸಿದೆ. ಬಂತು."

"ಮತ್ತೆ ಅವತ್ತು ಇಂಜಿನ್ ಕ್ಲೀನ್ ಆಗಿದೆ ಅಂದ್ಯಲ್ಲೋ."

ಲಾರಿಯೊಂದು ಹೋಗಿ ಕಾರು ಅಲುಗಿತು.

"ಜನ ಮತ್ತೆ ನನ್ನ ಸಾರ್ ಅಂತಿದ್ರು ಅಕ್ಕಾ."

ಪೆಟ್ರೋಲ್ ತರಲು ಅವನೇ ನಡೆದುಕೊಂಡು ಹೋದ. ಇಸ್ತ್ರಿ ಶರ್ಟಿನ ಬೆನ್ನು ಪೂರ್ತಿ ಒದ್ದೆ.

ಏಪ್ರಿಲ್ 13, ಭಾನುವಾರ

ತಮ್ಮ ಏಳಲಿಲ್ಲ. ಗೋಡೆ ಕಡೆ ಮುಖ. ಪುಟ್ಟಿ ಎರಡು ಸಲ ಹೋಗಿ ಕರೆದು ಬಂದಳು. ನಾದಿನಿ ನನ್ನ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟಳು.

"ಹೋಗ್ತೀರಾ ಅತ್ತಿಗೆ?"

"ಹ್ಞೂಂ."

"ಇವರನ್ನ ಹೀಗೆ ಬಿಟ್ಟು."

ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ಅವರು ನಂಬಲಿಲ್ಲ. "ನಿಮ್ಮಲ್ಲಿ ಏನೋ ಜಗಳ ಆಗಿದೆ, ಅದಕ್ಕೆ ಹೀಗಂತೀರಿ. ನನ್ನ ಕಿಟ್ ತಂಟೆಗೆ ಬರಬೇಡಿ," ಅಂದು ಬಾಗಿಲು ಹಾಕಿಕೊಂಡರು. ಹೊರಗೆ ನಿಂತು ಎಷ್ಟು ಹೊತ್ತು ಆ ಬಾಗಿಲು ನೋಡಿದೆನೋ.

ಕಿಟ್‌ಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಚೀಲ ತೆಗೆದೆ. ಬಟ್ಟೆ ತುಂಬಿದೆ. ಅರ್ಧ ಹೊರಗೆ ತೆಗೆದೆ. ಮತ್ತೆ ತುಂಬಿದೆ.

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ ಐದೂಮುಕ್ಕಾಲು

ಬಸ್ಸು ಆರೂವರೆಗೆ. ನಡೆದೇ ಹೋಗೋಣ ಅಂತ ಬೇಗ ಎದ್ದೆ. ತಮ್ಮನ ಹಾಸಿಗೆ ಖಾಲಿ.

ಹೊರಗೆ ಕಾರು ಸ್ಟಾರ್ಟ್ ಆದ ಸದ್ದು. ಕಿಟ್‌ಗಳ ಮೇಲಿಂದ ಬಗ್ಗಿ ನೋಡಿದೆ. ಅವನೇ. ನಿನ್ನೆಯ ಮಾಸಿದ ಬನಿಯನ್ನಿನಲ್ಲೇ ಇದ್ದಾನೆ. ಇಂಜಿನ್ ಚಾಲೂ ಮಾಡಿ, ಇಳಿದು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಡ್ರೈವರ್ ಸೀಟು ಖಾಲಿ. ಬಾಗಿಲು ತೆಗೆದೇ ಇಟ್ಟಿದ್ದಾನೆ.

ಬಸ್‌ಸ್ಟ್ಯಾಂಡಿಗೋ, ರಿಂಗ್ ರೋಡಿಗೋ. ಹೇಳುತ್ತಿಲ್ಲ. ಮನೆ ಕಡೆ ನೋಡುತ್ತಲೂ ಇಲ್ಲ.

ನಾದಿನಿ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ನನ್ನ ಚೀಲ ನೋಡುತ್ತಿದ್ದಾಳೆ.

ಸರಿ. ಚೀಲ ತೆಗೆದುಕೊಂಡೇ ಹೋಗುತ್ತೇನೆ. ಓಡಿಸುವವಳು ನಾನೇ ತಾನೆ. ಹಾಗಾದರೆ ದಾರಿಯೂ ನನ್ನದೇ.