ಹಳದಿ ಜೋಡಿ

ಫೆಬ್ರವರಿ 4, ಭಾನುವಾರ, ಮಧ್ಯಾಹ್ನ

ವಾಕ್ ಮುಗಿಸಿ ಬಂದೆವು. ಅಕ್ಕನ ಶೂ ಬಿಚ್ಚಿ, ಕಾಲು ಒರೆಸಿ, ಮಲಗಿಸಿದೆ. ಹೊದಿಕೆಯ ಒಳಗಿನಿಂದಲೇ ನನ್ನ ಸ್ವೆಟರ್ ತೋಳು ಹಿಡಿದುಕೊಂಡಿದ್ದಾಳೆ. ಎಡಗೈ ಅವಳಿಗೆ, ಬಲಗೈ ಬರೆಯೋದಕ್ಕೆ.

ತಿಂಗಳ ಮೊದಲ ಭಾನುವಾರ ನೇಚರ್ ವಾಕ್. ನಿವೃತ್ತರ ಈ ವಸತಿಯಲ್ಲಿ ಮಿಕ್ಕ ದಿನ ಗೇಟು ದಾಟಬೇಕಾದರೆ ನೆಂಟರು ಬರಬೇಕು, ಮ್ಯಾನೇಜರ್ ಹೂಂ ಅನ್ನಬೇಕು. ವಾಕ್ ದಿನ ಮಾತ್ರ ಗೇಟು ಸುಮ್ಮನೆ ತೆರೆಯುತ್ತೆ, ವ್ಯಾನ್ ನಮ್ಮನ್ನು ಕೊಳದ ಪಾರ್ಕಿಗೆ ಒಯ್ಯುತ್ತೆ. ಇಬ್ಬಿಬ್ಬರು ಜೋಡಿ, ಜೋಡಿಗೊಂದು ಬಣ್ಣದ ಟೋಪಿ. ನಾವು ಹಳದಿ. ಎಪ್ಪತ್ತು ದಾಟಿದ ಎರಡು ನಿಂಬೆಹಣ್ಣು. ಕತ್ತಿಗೆ ದುರ್ಬೀನು ನೇತುಹಾಕಿಕೊಂಡ ಹಕ್ಕಿ ಟೀಚರ್ ದಾರಿಯುದ್ದಕ್ಕೂ ನಿಂತು ನಿಂತು ಕೂಗುತ್ತಾಳೆ. ಕೆಂಪು ಜೋಡಿ? ಬಂದ್ವಿ. ನೀಲಿ ಜೋಡಿ? ಬಂದ್ವಿ. ಹಳದಿ ಜೋಡಿ?

ಅಕ್ಕನಿಗೆ ತಾನು ಹಳದಿ ಅಂತ ಗೊತ್ತಿಲ್ಲ. ಇಬ್ಬರ ಪರವಾಗಿ ನಾನೇ ಕೂಗುತ್ತೇನೆ — ಬಂದ್ವಿ! ಜೋರಾಗಿ, ಬೇಗ. ಯಾರಾದರೂ ಅವಳ ಕಡೆ ತಿರುಗುವ ಮೊದಲು.

ಫೆಬ್ರವರಿ 6

ಬಾತ್‌ರೂಮ್ ಬಾಗಿಲಲ್ಲಿ ಅಕ್ಕನ ನೆರಳು. "ಒಳಗಿದೀಯಾ?" ಇದ್ದೀನಿ. "ಇದೀಯಾ?" ಇದ್ದೀನಿ ಮಾರಾಯ್ತಿ, ಎಲ್ಲಿಗೆ ಹೋಗಲಿ, ಪೈಪಿನಲ್ಲಿ ಇಳಿದು ಹೋಗಲಾ?

ಎಂಥ ಜಾಣೆ ಇವಳು. ನನ್ನ ಡೆಂಟಲ್ ಕ್ಲಿನಿಕ್ ನಡೆದಷ್ಟು ವರ್ಷವೂ ಹೊರಗಿನ ಮೇಜು ಅಕ್ಕನದೇ. ನಾನು ಹಲ್ಲು ಕಿತ್ತೆ, ಅವಳು ಜನರನ್ನು ಸಂಭಾಳಿಸಿದಳು. "ಮುಂದಿನವರು ಬನ್ನಿ." ಈಗಲೂ ಊಟದ ಹಾಲ್ ಬಾಗಿಲು ಕಿರುಗುಟ್ಟಿದರೆ ಸಾಕು, "ಮುಂದಿನವರು ಬನ್ನಿ" ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ತಮಾಷೆ ಹೆಂಗಸು ಅಂದುಕೊಂಡಿದ್ದಾರೆ. ನಾನೂ ನಗುತ್ತೇನೆ, ಎಲ್ಲರಿಗಿಂತ ಜೋರಾಗಿ.

ತಮಾಷೆ ಅಲ್ಲ ಅಂತ ಗೊತ್ತಾದ ದಿನ ಅವಳಿಗೆ ಮರೆವಿನವರ ಎರಡನೇ ಬ್ಲಾಕ್. ಅದರ ಬಾಗಿಲಿಗೆ ನಂಬರ್ ಒತ್ತುವ ಬೀಗ. ಒಳಗಿರುವವರಿಗೆ ಆ ನಂಬರ್ ಹೇಳೋದಿಲ್ಲ. ಅಲ್ಲಿಂದ ಯಾರೂ ವಾಕ್‌ಗೆ ಬಂದದ್ದು ನೋಡಿಲ್ಲ. ಅವಳನ್ನು ಅಲ್ಲಿಗೆ ಬಿಡೋದಿಲ್ಲ. ನನ್ನ ಕೈಲಿ ಆಗುವ ತನಕ ಬಿಡೋದಿಲ್ಲ.

ಫೆಬ್ರವರಿ 19

ಮ್ಯಾನೇಜರ್ ಕರೆಸಿದ್ದರು. ಮುಂದಿನ ಹಲ್ಲಿಗೆ ಹೊಸ ಕ್ಯಾಪ್ ಹಾಕಿಸಿಕೊಂಡಿದ್ದಾರೆ, ಒಂದು ಷೇಡ್ ಜಾಸ್ತಿ ಬಿಳಿ. ನಗುವಿಗಿಂತ ಮೊದಲು ಅದೇ ಬರುತ್ತೆ.

"ಅಕ್ಕೋರು ಹೇಗಿದಾರೆ ಡಾಕ್ಟ್ರೇ? ಸ್ವಲ್ಪ... ಮರೆವು?"

"ವಯಸ್ಸಾಯ್ತಲ್ಲ. ನೋಡಿ, ನನಗೇ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ."

"ತಲೆ ಮೇಲಿದೆ."

ಇತ್ತು. ಇಬ್ಬರೂ ನಕ್ಕೆವು. ಆಮೇಲೆ ಅವರು ದನಿ ತಗ್ಗಿಸಿದರು. "ಅವರು ಆ ಕಡೆ ಇದ್ರೆ ನಿಮಗೂ ಆರಾಮ. ನೀವು ಗಟ್ಟಿಮುಟ್ಟಾಗಿದೀರಿ. ಒಬ್ಬರೇ ಆದ್ರೆ ಗೇಟ್ ಪಾಸ್ ಕೊಡ್ಬಹುದು. ದಿನಾ ಹೊರಗೆ ಓಡಾಡ್ಕೊಂಡು ಬನ್ನಿ."

ಬೇಡ ಅಂದೆ. ಆದರೆ ತಕ್ಷಣ ಅನ್ನಲಿಲ್ಲ. ಒಂದು ಗುಟುಕು ನೀರು ಕುಡಿದು ಆಮೇಲೆ ಅಂದೆ. ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ.

ಮಾರ್ಚ್ 3, ಭಾನುವಾರ

ಕೊಳದ ಆಚೆ ತಿರುವಿನಲ್ಲಿ ಮಿಂಚುಳ್ಳಿ ಇದೆಯಂತೆ. ದಂಡೆಯ ಮಣ್ಣಲ್ಲಿ ಬಿಲ ಕೊರೆದು ಗೂಡು ಮಾಡುತ್ತೆ ಅಂತ ಹಕ್ಕಿ ಟೀಚರ್ ಪ್ರತಿ ತಿಂಗಳೂ ಹೇಳುತ್ತಾಳೆ. ನಮ್ಮ ಗುಂಪು ಅಲ್ಲಿಗೆ ತಲುಪಿದ್ದೇ ಇಲ್ಲ. ಕೊಳದ ಬೆಂಚಿಗೆ ಬರುವಷ್ಟರಲ್ಲಿ ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಅವಸರ. ಜಡ್ಜ್ ಸಾಹೇಬರು ರಿಟೈರ್ ಆಗಿ ಎಷ್ಟೋ ಕಾಲವಾಯಿತು, ಆದರೂ ಬೆಂಚು ಕಂಡರೆ ಹೋಗಿ ನಟ್ಟನಡುವೆ ಕೂರುತ್ತಾರೆ. ಅಲ್ಲಿಗೆ ವಾಕ್ ಮುಗಿಯಿತು.

ಹೊರಡುವಾಗ ಟೀಚರ್ ವ್ಯಾನ್ ಕಿಟಕಿಗೆ ಬಂದು "ಸರಿ ಅಜ್ಜಿ, ನಾನಿನ್ನು ಹೋಗ್ತೀನಿ" ಅಂದಳು. ಅಕ್ಕ ಚುರುಕಾದಳು.

"ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ನು."

"ತಪ್ಪಾಯ್ತಪ್ಪ! ಬರ್ತೀನಿ."

"ಹೂಂ, ಬಾ."

ಅದೊಂದು ಮಾತ್ರ ಅಳಿಸಿಹೋಗಿಲ್ಲ. ಅಮ್ಮ ಕಲಿಸಿದ್ದು. ಹೊಸ್ತಿಲ ಮೇಲೆ ನಿಂತು ಹೋಗ್ತೀನಿ ಅಂದರೆ ತಲೆಗೆ ಮೊಟಕುತ್ತಿದ್ದಳು. ಹೋದವರು ಅಂದರೆ ಸತ್ತವರು. ಅಕ್ಕ ಅದನ್ನು ಕ್ಲಿನಿಕ್ಕಿಗೂ ತಂದಳು. ಹಲ್ಲು ಕೀಳಿಸಿಕೊಂಡವನು, ಕೆನ್ನೆ ಊದಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅವಳ ಮೇಜಿನ ಮುಂದೆ ನಿಂತು "ಬತ್ತೀನಿ" ಅನ್ನಬೇಕು. ಅನ್ನದೆ ಬಿಡುತ್ತಿರಲಿಲ್ಲ. ಡೆಂಟಿಸ್ಟ್ ಹತ್ತಿರ ಮತ್ತೆ ಬರಬೇಕು ಅಂತ ಯಾವ ಬಡಪಾಯಿಗೆ ಅನ್ನಿಸುತ್ತೆ? ಆದರೂ ಅಂದರು. ಪಾಪ, ಬಂದರೂ ಕೂಡ.

ಮಾರ್ಚ್ 21

ಪುಸ್ತಕ ತೆಗೆದರೆ ಪುಟದ ಮೇಲೆ ಅವಳ ಕೈ. ಫೋನ್ ಎತ್ತಿದರೆ "ಯಾರು? ಯಾರು?" ಹಾಸಿಗೆ ಸರಿ ಮಾಡಿದರೆ ಹಿಂದೆಯೇ ಬಂದು ಎಳೆಯುತ್ತಾಳೆ. ಬಾಲ ಕೂಡ ಇಷ್ಟು ಅಂಟಿಕೊಂಡಿರೋದಿಲ್ಲ.

"ಸ್ವಲ್ಪ ಬಿಡೇ ನನ್ನ!" ಕೂಗಿಬಿಟ್ಟೆ.

ಬಿಟ್ಟಳು. ಗೋಡೆ ಕಡೆ ತಿರುಗಿ ಕೂತು, ಯಾರನ್ನೋ ಕೇಳುವ ಹಾಗೆ ಮೆಲ್ಲಗೆ, "ಡಾಕ್ಟ್ರು ಇವತ್ತು ಯಾಕೋ ಸಿಟ್ಟಾಗಿದಾರೆ" ಅಂದಳು.

ನಗು ಬಂತು, ಅಳುವೂ ಬಂತು. ಅವಳ ಮೇಲೆ ನನಗೇನೂ ಕೋಪ ಇಲ್ಲ — ಇದೆ. ಇದೆ. ಇಲ್ಲಿ ಬರೆದರೆ ಯಾರು ಓದುತ್ತಾರೆ. ಬೆಳಗಾದರೆ ಈ ಎರಡು ರೂಮು, ಈ ಒಂದು ತೋಳು, ಈ ಒಂದೇ ಪ್ರಶ್ನೆ. ಉಸಿರು ಕಟ್ಟುತ್ತೆ. ಹಲ್ಲು ಕಚ್ಚಿಕೊಂಡು ಬದುಕುವವರ ದವಡೆ ನೋಯುತ್ತೆ ಅಂತ ರೋಗಿಗಳಿಗೆ ಹೇಳುತ್ತಿದ್ದೆ. ಈಗ ನನ್ನದೇ ನೋಯುತ್ತಿದೆ. ಎಡಗಡೆ, ಕೆಳಗೆ.

ಏಪ್ರಿಲ್ 7, ಭಾನುವಾರ, ಬೆಳಗ್ಗೆ

ಇವತ್ತು ಎರಡು ವ್ಯಾನ್. ಸುಸ್ತಾದವರು ಕೊಳದಿಂದಲೇ ಮೊದಲನೆಯದರಲ್ಲಿ ವಾಪಸ್. ಕಾಲು ಗಟ್ಟಿ ಇರುವವರು ಗುಡ್ಡದ ದಾರಿಯಲ್ಲಿ ಸುತ್ತಿ ಎರಡನೆಯದರಲ್ಲಿ. ಅಕ್ಕನಿಗೆ ಗುಡ್ಡ ಬೇಡ. ಹಾಗಾದರೆ ನನಗೂ ಇಲ್ಲ.

ಅವಳ ಟೋಪಿ ಕಾಣುತ್ತಿಲ್ಲ. ಫ್ರಿಜ್ ನೋಡಬೇಕು.

ಏಪ್ರಿಲ್ 7, ಸಂಜೆ

ಸಿಕ್ಕಳು. ಬರೆಯೋಕೆ ಆಗಲ್ಲ.

ಏಪ್ರಿಲ್ 9

ಬರೆದುಬಿಡುತ್ತೇನೆ. ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತೆ.

ಕೊಳದ ಬೆಂಚು. ಜಡ್ಜ್ ಸಾಹೇಬರು, ಸುಸ್ತಾದ ಮಿಕ್ಕವರು, ನಾವಿಬ್ಬರು. ಟೀಚರ್ ಗಟ್ಟಿ ಕಾಲಿನವರನ್ನು ಕರೆದುಕೊಂಡು ಗುಡ್ಡ ಹತ್ತಿದ್ದಳು. ಅಕ್ಕ ಬಾತುಕೋಳಿ ನೋಡುತ್ತಾ ನನ್ನ ತೋಳು ಬಿಟ್ಟಳು. ತಾನಾಗೇ ಬಿಟ್ಟಳು. ಮಿಂಚುಳ್ಳಿ ತಿರುವು ಅಲ್ಲೇ ಕಾಣುತ್ತಿತ್ತು. ಅವಳ ಕಿವಿ ಹತ್ತಿರ ಬಗ್ಗಿ "ಇಲ್ಲೇ ಕೂತಿರು, ಬರ್ತೀನಿ" ಅಂದೆ. "ಹೂಂ, ಬಾ" ಅಂದಳು. ಸಂತೋಷವಾಗಿಯೇ ಅಂದಳು.

ಜಡ್ಜ್ ಸಾಹೇಬರಿಗೆ 'ಸ್ವಲ್ಪ ನೋಡ್ಕೊಳ್ಳಿ' ಅನ್ನಲಿಲ್ಲ. ಅಂದರೆ ಯಾಕೆ ಅಂತ ಕೇಳುತ್ತಿದ್ದರು.

ಮಿಂಚುಳ್ಳಿ ಇರಲಿಲ್ಲ. ಬಿಲ ಇತ್ತು, ಖಾಲಿ. ಆದರೂ ಕಲ್ಲಿನ ಮೇಲೆ ಕೂತೆ. ಗಾಳಿಗೆ ಬಿದಿರು ಕಿರುಗುಟ್ಟುತ್ತಿತ್ತು. ಇದೀಯಾ ಅಂತ ಯಾರೂ ಕೇಳಲಿಲ್ಲ. ಎಂಥ ಸುಖ ಅಂತೀನಿ! ಈಗ ಬಂದುಬಿಡ್ತೀನಿ ಅಂದುಕೊಂಡವಳು ಏಳಲೇ ಇಲ್ಲ. ಮರಗಳ ಸಂದಿಯಲ್ಲಿ ಮೊದಲ ವ್ಯಾನ್ ಹೊರಟದ್ದು ಕಂಡಿತು. ಅಕ್ಕ ಎಲ್ಲರ ಜೊತೆ ಹತ್ತಿರುತ್ತಾಳೆ, ಜನ ಎದ್ದರೆ ಅವಳೂ ಏಳುತ್ತಾಳೆ, ಅಂದುಕೊಂಡೆ. ಹಾಗೆ ಅಂದುಕೊಂಡರೆ ಇನ್ನಷ್ಟು ಹೊತ್ತು ಕೂರಬಹುದಿತ್ತು.

ಗುಡ್ಡದ ಬುಡದಲ್ಲಿ ಎರಡನೇ ವ್ಯಾನ್ ಹಾರ್ನ್ ಹೊಡೆಯಿತು. ಬೆಂಚಿನ ಕಡೆ ಹೋಗದೆ ಒಳದಾರಿ ಹಿಡಿದು ಓಡಿದೆ, ಡ್ರೈವರ್ ಪಕ್ಕ ಹತ್ತಿ ಕೂತೆ. ಹಿಂದಿನ ಸೀಟಿನಿಂದ ಟೀಚರ್ ಕೂಗಿದಳು, "ಹಳದಿ ಜೋಡಿ?"

"ಬಂದ್ವಿ!"

ಬಂದೆ ಅನ್ನಬೇಕಿತ್ತು. ನಾಲಿಗೆಗೆ ಏಕವಚನ ಮರೆತೇ ಹೋಗಿತ್ತು.

ಮೊದಲ ವ್ಯಾನಿಗೆ ಏಳುವಾಗ ಜಡ್ಜ್ ಸಾಹೇಬರು ಅಕ್ಕನನ್ನೂ ಕರೆದರಂತೆ. "ತಂಗಿ ಬರ್ತೀನಿ ಅಂದಿದಾಳೆ" ಅಂದಳಂತೆ, ಒಂದಿಷ್ಟೂ ತಡವರಿಸದೆ. ಸರಿ, ಅಕ್ಕ ತಂಗಿ ಎರಡನೇ ವ್ಯಾನಲ್ಲಿ ಬರುತ್ತಾರೆ ಅಂದುಕೊಂಡರು. ಅವರದೇನು ತಪ್ಪು?

ವಸತಿಗೆ ಬಂದು ಇಳಿದಾಗಲೇ ಗೊತ್ತಾದದ್ದು. ಮ್ಯಾನೇಜರ್ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕೊಳದ ನೀರೇ ಕಣ್ಣಮುಂದೆ. ಅಕ್ಕ ಅದೇ ಬೆಂಚಿನ ಮೇಲಿದ್ದಳು, ಟೋಪಿ ನೆಟ್ಟಗೆ, ಪಕ್ಕದಲ್ಲಿ ಪಾರ್ಕಿನ ಕಾವಲುಗಾರ. ಹೆಸರು ಕೇಳಿದನಂತೆ, ಮನೆ ಎಲ್ಲಿ ಕೇಳಿದನಂತೆ. ಎಲ್ಲಕ್ಕೂ ಒಂದೇ ಉತ್ತರ, "ತಂಗಿ ಬರ್ತೀನಿ ಅಂದಿದಾಳೆ." ಏಳಿ ಅಂದರೆ ಎದ್ದಿಲ್ಲ. ನೀರು ಕೊಟ್ಟರೆ ಮುಟ್ಟಿಲ್ಲ.

ನನ್ನ ನೋಡಿ "ಬಂದ್ಯಾ" ಅಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕಾವಲುಗಾರ ಎಲ್ಲವನ್ನೂ ಮ್ಯಾನೇಜರಿಗೆ ಹೇಳಿದ. ಅವರು ನನ್ನ ಕಡೆ ನೋಡಿ, ಕಾರಿನ ಹಿಂದಿನ ಬಾಗಿಲು ತೆರೆದರು.

ಏಪ್ರಿಲ್ 16

ಎರಡನೇ ಬ್ಲಾಕ್. ಕಿಟಕಿ ದೊಡ್ಡದಿದೆ. ಹಾಸಿಗೆ ಚೊಕ್ಕಟವಾಗಿದೆ. ಇನ್ನೇನು ಬರೆಯಲಿ.

ಗೇಟ್ ಪಾಸ್ ಕೊಟ್ಟರು. ಮೇಜಿನ ಮೇಲಿದೆ. ಬಾತ್‌ರೂಮಿಗೆ ಹೋದೆ. ಯಾರೂ ಕೇಳಲಿಲ್ಲ. "ಇದ್ದೀನಿ" ಅಂದೆ, ಸುಮ್ಮನೆ.

ಏಪ್ರಿಲ್ 28

ಅಲ್ಲಿಯ ನರ್ಸ್ ಬಾಗಿಲ ಹೊರಗೆ ಕರೆದಳು. ಒಳ್ಳೆಯ ಹುಡುಗಿ. ಹೇಳುವುದಕ್ಕೆ ಅವಳಿಗೇ ಸಂಕೋಚ.

"ಡಾಕ್ಟ್ರೇ, ಸಂಜೆ ಹೊರಡೋವಾಗ ಬರ್ತೀನಿ ಅನ್ಬೇಡಿ."

"ಯಾಕಮ್ಮಾ?"

"ನೀವು ಬರ್ತೀನಿ ಅಂದ್ರೆ ಅವರು ಕುರ್ಚಿ ಎಳ್ಕೊಂಡು ಬಾಗಿಲ ಮುಂದೆ ಕೂತುಬಿಡ್ತಾರೆ. ಊಟ ಇಲ್ಲ, ನಿದ್ದೆ ಇಲ್ಲ. ಕರೆದ್ರೆ, ತಂಗಿ ಬರ್ತೀನಿ ಅಂದಿದಾಳೆ ಅಂತಾರೆ. ಬೆಳಗಿನವರೆಗೂ ಹಾಗೇ."

"ಮತ್ತೇನು ಅನ್ಲಿ?"

"ಹೋಗ್ತೀನಿ ಅನ್ನಿ. ಅಭ್ಯಾಸ ಆಗುತ್ತೆ."

ಅಂದು ನೋಡಿದೆ. "ಅಕ್ಕಾ, ಹೋಗ್ತೀನಿ."

"ಥೂ, ಬಿಡ್ತು ಅನ್ನು! ಬರ್ತೀನಿ ಅನ್ನು." ಕೈ ಗಟ್ಟಿಯಾಗಿ ಹಿಡಿದಳು. ಅನ್ನುವ ತನಕ ಬಿಡಲಿಲ್ಲ. ಅಂದೆ. ಬೀಗ ಬಿದ್ದ ಮೇಲೆ ಒಳಗೆ ಕುರ್ಚಿ ಎಳೆಯುವ ಸದ್ದು ಕೇಳಿಸಿತು.

ಬರ್ತೀನಿ ಅಂದರೆ ಅವಳಿಗೆ ನಿದ್ದೆಯಿಲ್ಲ. ಅನ್ನದಿದ್ದರೆ ನನಗೆ ಬಿಡುಗಡೆಯಿಲ್ಲ. ಅತ್ತ ದರಿ, ಇತ್ತ ಪುಲಿ.

ಮೇ 5, ಭಾನುವಾರ

ವಾಕ್‌ಗೆ ಹೋಗಲಿಲ್ಲ.

ಒಂದು ಉಪಾಯ ಮಾಡಿಕೊಂಡಿದ್ದೇನೆ. ಅವಳು ನಿದ್ದೆ ಹೋಗುವ ತನಕ ಪಕ್ಕದಲ್ಲಿ ಕೂರೋದು, ಏನೂ ಹೇಳದೆ ಕಳ್ಳಿಯ ಹಾಗೆ ಎದ್ದು ಬರೋದು. ಅವಳು ಏಳುವ ಮೊದಲು ಮತ್ತೆ ಅಲ್ಲಿರೋದು. ನಂಬರ್ ನನಗೂ ಹೇಳಿಲ್ಲ. ಬರುವಾಗಲೂ ಹೋಗುವಾಗಲೂ ನರ್ಸ್ ತೆಗೆಯಬೇಕು. ಇದ್ದಬದ್ದ ಹೊತ್ತೆಲ್ಲ ಬೀಗದ ಒಳಗೇ ಕಳೆಯುತ್ತೇನೆ. ಪಾಸ್ ಇನ್ನೂ ಮೇಜಿನ ಮೇಲೆ.

ಮೇ 30

ಹಕ್ಕಿ ಟೀಚರ್ ಬಂದಿದ್ದಳು. ಕಣ್ಣಲ್ಲಿ ನೀರು. "ನಾನು ತಿರುಗಿ ನೋಡ್ಬೇಕಿತ್ತು ಡಾಕ್ಟ್ರೇ. ಬಂದ್ವಿ ಅಂದ್ರಿ, ಸರಿ ಅಂತ..."

"ನಿನ್ನದೇನಿದೆ ಮಗು. ನೋಡದೇ ಇರ್ಲಿ ಅಂತಾನೇ ನಾನು ಕೂಗ್ತಿದ್ದಿದ್ದು."

ಮಿಂಚುಳ್ಳಿ ಮರಿ ಮಾಡಿದೆಯಂತೆ. ಹಳದಿ ಟೋಪಿ ಬೇರೆ ಯಾರಿಗೂ ಕೊಟ್ಟಿಲ್ಲವಂತೆ. ನರ್ಸ್ ಕೂಡ ಹೋಗಿ ಬನ್ನಿ ಅಂದಳು, ಒಂದು ಬೆಳಗ್ಗೆ ತಾನು ಸಂಭಾಳಿಸುತ್ತಾಳಂತೆ. ಈ ಭಾನುವಾರ ಹೋಗುತ್ತೇನೆ. ಕದ್ದು ಅಲ್ಲ. ಅಕ್ಕನಿಗೆ ಬರ್ತೀನಿ ಅಂತ ಹೇಳಿ ಹೋಗುತ್ತೇನೆ, ಮಧ್ಯಾಹ್ನ ಬಂದೇಬಿಡುತ್ತೇನೆ. ಆಡಿದ ಮಾತು ಒಂದು ಸಲವಾದರೂ ಸರಿಯಾಗಿ ಉಳಿಸಿಕೊಳ್ಳಬೇಕು.

ಜೂನ್ 2, ಭಾನುವಾರ, ಬೆಳಗ್ಗೆ

ಎರಡನೇ ಬ್ಲಾಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಶೂ ಕಟ್ಟಿದ್ದೇನೆ. ಟೋಪಿ ತೊಡೆಯ ಮೇಲಿದೆ. ಪಾಸ್ ಜೇಬಿನಲ್ಲಿ.

ಹೇಳೋಣ ಅಂತ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು. ಕುರ್ಚಿ ಎಳೆದು ಬಾಗಿಲ ಮುಂದೆ ಹಾಕಿದಳು. ನಾನಿನ್ನೂ ಏನೂ ಅಂದಿರಲಿಲ್ಲ. ವಾಪಸ್ ಹೋಗಿ ಇನ್ನೊಂದು ಕುರ್ಚಿ ತಂದಳು. ಪಕ್ಕದಲ್ಲಿಟ್ಟು ಅಂಗೈಯಿಂದ ಒರೆಸಿದಳು.

"ಕೂತ್ಕೊಳ್ಳಿ."

ನನಗೆ. ಕೂತ್ಕೊಳ್ಳಿ ಅಂತ.

"ಡಾಕ್ಟ್ರು ಇನ್ನೂ ಬಂದಿಲ್ಲ. ನನ್ನ ತಂಗೀನೇ. ಬರ್ತೀನಿ ಅಂದಿದಾಳೆ."

ಕೆಳಗೆ ವ್ಯಾನ್ ಹಾರ್ನ್. ನರ್ಸ್ ಬಾಗಿಲು ತೆರೆದು ಹಿಡಿದಿದ್ದಾಳೆ, ಹೊರಡಿ ಅಂತ ಕಣ್ಣಲ್ಲೇ ಹೇಳುತ್ತಿದ್ದಾಳೆ. ಹೊರಡಬಹುದು. ಇನ್ನು ಏನೂ ಹೇಳಬೇಕಾಗಿಲ್ಲ. ನಾನು ಹೋದರೆ ಅಕ್ಕನ ಲೆಕ್ಕದಲ್ಲಿ ಯಾರೋ ಪೇಷೆಂಟ್ ಎದ್ದು ಹೋದ ಹಾಗೆ, ಅಷ್ಟೇ.

ಕೂತೆ.

ಅಕ್ಕ ನನ್ನ ಮುಖ ನೋಡಿ, ಪಾಪ ಅನ್ನಿಸಿತೇನೋ, ಕೈ ಹಿಡಿದುಕೊಂಡಳು. "ಹೆದರ್ಬೇಡಿ. ಅವಳ ಕೈ ಹಗುರ. ನೋವೇ ಗೊತ್ತಾಗಲ್ಲ."

ಎಡಗೈ ಅವಳಿಗೆ, ಬಲಗೈ ಬರೆಯೋದಕ್ಕೆ. ಕಿಟಕಿಯಿಂದ ಟೀಚರ್ ದನಿ. ಕೆಂಪು? ನೀಲಿ? ಹಳದಿ... ಹಳದಿ? ನರ್ಸ್ ಬಾಗಿಲು ಮುಚ್ಚಿದಳು.

"ಯಾವ ಹಲ್ಲು?" ಅಕ್ಕ ಕೇಳುತ್ತಿದ್ದಾಳೆ. "ಎಷ್ಟು ದಿನದಿಂದ?"

ಎಡಗಡೆ, ಕೆಳಗಿನದು, ಅಂದೆ. ತುಂಬಾ ದಿನದಿಂದ