ಬೆನ್ನ ಹಿಂದಿನ ಕೊಲ್ಲಿ

ಸಾಂತ ಅಮಾರಾ ಪ್ರಾಂತ,
30 ಫೆಬ್ರವರಿ 2294

ಪ್ರೀತಿಯ ಕುಮುದಿನಿ ಅಜ್ಜಿಗೆ,

ನಿಮ್ಮ ಒಂಬತ್ತನೆಯ ತಲೆಮಾರಿನ ಅಂಬುಜಾ ಮಾರಿಸೋಲ್ ಮಾಡುವ ನಮಸ್ಕಾರಗಳು. ತಾರೀಕು ನೋಡಿ ಗಾಬರಿಯಾಗಬೇಡಿ. ಪಾಪದ ಫೆಬ್ರವರಿಗೂ ನಾವೀಗ ಮೂವತ್ತು ದಿನ ಕೊಟ್ಟಿದ್ದೇವೆ. ನಿಮಗಿನ್ನೂ ಮೂವತ್ತೊಂದು, ನನಗೆ ಅರವತ್ತಾರು, ಆದರೂ ಅಜ್ಜಿ ನೀವೇ. ಈ ದ್ವೀಪದಲ್ಲಿ ನಮ್ಮ ಕನ್ನಡಕ್ಕೆ ಸ್ವಲ್ಪ ಉಪ್ಪುಗಾಳಿ ಹೊಡೆದಿದೆ. ಎಲ್ಲಾದರೂ ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ, ನಮ್ಮ ಅಂಚೆಯವರಿಗೇ ಗೊತ್ತಿಲ್ಲ.

ಬರುವ ತಿಂಗಳು ನೀವು ನಾಲ್ಕು ದಿನದ ರಜೆಗೆ ಬಂದುಹೋಗುವ ಕೆರಿಬಿಯನ್ ಪ್ರಾಂತ ಇದೇ. ನೆಲ ಮೊರದ ಹಾಗಿದೆ, ಹಿಂದೆ ಎತ್ತರ, ಮುಂದೆ ತಗ್ಗು. ಹಿಂದಿನ ಅಂಚಿಗೆ ಸುಣ್ಣಕಲ್ಲಿನ ಬೆಟ್ಟಸಾಲು, ಅದರ ನೆತ್ತಿಗೆ ಪೈನ್ ಕಾಡು. ಅಲ್ಲಿ ಮಧ್ಯಾಹ್ನವೇ ಮಂಜು ಇಳಿದು, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬೆಟ್ಟದ ಹೊಟ್ಟೆಯೆಲ್ಲ ಗುಹೆಗಳು. ಬೇಸಿಗೆಯಲ್ಲಿ ತರಕಾರಿಯನ್ನು ನಾವು ಅಲ್ಲೇ ಇಡುತ್ತೇವೆ, ಬಾವಲಿಗಳ ತಕರಾರಿಲ್ಲ. ತಗ್ಗಿನಲ್ಲಿ ಉಪ್ಪುನೀರಿನ ಸರೋವರ, ಅದರ ದಡದಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು, ಬಿಸಿಲು ಕಾಯಿಸುವ ಮೊಸಳೆಗಳು. ಈ ತಿಂಗಳು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಆಗ ‘ಕಡಲಮೌನ’, ಅಂದರೆ ಆರು ವಾರ ಯಾವ ದೋಣಿಯೂ ಯಂತ್ರ ಹಚ್ಚುವಂತಿಲ್ಲ. ಹುಟ್ಟು ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋಗಿದೆ. ಆದರೂ ದೋಣಿಯ ಹಲಗೆಗೆ ಕಿವಿಯಿಟ್ಟರೆ ಅವುಗಳ ಹಾಡು ಕೇಳುತ್ತದೆ, ಎಷ್ಟು ಚೆಂದ ಗೊತ್ತೇ!

ನೀವು ನೋಡಲಿರುವ ಲೂಸೆರಾ ಕೊಲ್ಲಿಯೊಂದು ಮಾತ್ರ ಈಗಿಲ್ಲ. ಅಲ್ಲಿ ಬೆಟ್ಟದ ಬುಡದಿಂದ ತಣ್ಣೀರಿನ ಒರತೆ ಚಿಮ್ಮಿ, ನೂರು ಹೆಜ್ಜೆ ಹರಿದು, ಬೆಚ್ಚನೆಯ ಕಡಲಿಗೆ ಸೇರುತ್ತಿತ್ತಂತೆ. ಬೆಟ್ಟ ಕುಸಿದು ಒರತೆ ಮುಚ್ಚಿತು, ಮರಳನ್ನು ಸಮುದ್ರ ಒಯ್ದಿತು. ನಾನು ‘ದಡಗಾರ್ತಿ’: ಹವಳ, ಉಪ್ಪುನೀರಿನಲ್ಲಿ ಬೇರೂರುವ ಕಾಂಡ್ಲಾ ಗಿಡ ನೆಟ್ಟು, ಹೋದ ದಡವನ್ನು ಮರಳಿ ಕರೆತರುವುದು ನನ್ನ ಕೆಲಸ. ನಲವತ್ತು ವರ್ಷದಿಂದ ಈ ಕೊಲ್ಲಿಯನ್ನು ಮರಳಿ ತರಲು ಪ್ರಾಂತದ ಸಭೆಯ ಅಪ್ಪಣೆ ಕೇಳುತ್ತಿದ್ದೇನೆ. ಒರತೆಯ ಬಾಯಿ ಎಲ್ಲಿತ್ತೆಂದು ತಿಳಿದರೆ ಸಾಕು, ಉಳಿದದ್ದು ನನಗೆ ಗೊತ್ತು. ಬರುವ ಸೋಮವಾರದ ಸಭೆಯಲ್ಲಿ ಅದನ್ನು ತೋರಿಸದಿದ್ದರೆ ಅಲ್ಲಿ ಕಲ್ಲುಗೋಡೆ ಏಳುತ್ತದೆ, ಅಲ್ಲಿಗೆ ಮುಗಿಯಿತು.

ಇಲ್ಲಿಯ ಪದ್ಧತಿಯಂತೆ, ಹೋದ ಜಾಗವನ್ನು ಮರಳಿ ಕೇಳುವವರ ವಂಶದಲ್ಲಿ ಒಬ್ಬರಾದರೂ ಅದನ್ನು ಕಣ್ಣಾರೆ ಕಂಡಿರಬೇಕು. ಅವರಿಗೆ ‘ಹಿರಿಗಣ್ಣು’ ಎನ್ನುತ್ತೇವೆ. ತಡವಾಗಿ ಬಂದು ನೆಲೆಸಿದ ನಮ್ಮ ಮನೆತನಕ್ಕೆ ಹಿರಿಗಣ್ಣು ನೀವೊಬ್ಬರೇ. ಆದರೆ ಆ ಕೊಲ್ಲಿಯಲ್ಲಿ ನೀವು ತೆಗೆಯುವುದು ಒಂದೇ ಒಂದು ಫೋಟೋ, ಮರುಕ್ಷಣವೇ ಮೊಬೈಲ್ ಚಾರ್ಜ್ ಮುಗಿಯುತ್ತದೆ. ಅದರ ತುಂಬ ನಿಮ್ಮ ನಗು, ಹಾರಾಡುವ ಕೂದಲು. ಭುಜದ ಮೇಲೊಂದು ಚೂರು ನೀಲಿ, ಕಾಣುವ ಕೊಲ್ಲಿ ಅಷ್ಟೇ. ಸಭೆಯ ಹಿರಿಯರಾದ ದೋನ್ಯಾ ಎಲ್ವಿರಾ ಅದನ್ನು ಅತ್ತ ಇತ್ತ ತಿರುಗಿಸಿ, “ನಿಮ್ಮಜ್ಜಿ ಲಕ್ಷಣವಾಗಿದ್ದಾರೆ ಕಣಮ್ಮಾ. ಆದ್ರೆ ಬೆನ್ನು ಹಾಕಿ ನಿಂತವರು ಕಂಡವರಾಗಲ್ಲ,” ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ನಿಮಗೂ ನಾಲ್ಕು ಮಾತು ಬೈದೆ, ಕ್ಷಮಿಸಿ.

ಆದ್ದರಿಂದ ಒಂದು ಕೇಳುತ್ತೇನೆ. ಆ ಫೋಟೋವನ್ನು ಕೊಲ್ಲಿಯ ಕಡೆ ಮುಖ ಮಾಡಿ ತೆಗೆಯಿರಿ. ಬಂಡೆ, ಒರತೆ, ಮರಳು, ಎಲ್ಲ ಬರಲಿ. ನಿಮ್ಮ ಬಾಕಿ ಚಿತ್ರಗಳೆಲ್ಲ ಬಿರುಗಾಳಿಗಳಲ್ಲಿ ಹೋದವು, ನಿಮ್ಮ ಮುಖ ಉಳಿದಿರುವುದು ಈ ಒಂದರಲ್ಲೇ. ನೀವು ನನ್ನ ಮಾತು ಕೇಳಿದರೆ ಅದೂ ಇರುವುದಿಲ್ಲ, ಬಲ್ಲೆ. ಇದೇ ಮುಖ ತೋರಿಸಿ ಅಮ್ಮ ನನಗೆ ಉಣಿಸುತ್ತಿದ್ದಳು. ಎರಡು ಸಲ ಪೆನ್ನು ಕೆಳಗಿಟ್ಟು ಎದ್ದುಹೋಗಿ, ಮತ್ತೆ ಬಂದು ಕೂತಿದ್ದೇನೆ. ಸಂಕಟವಾಗುತ್ತದೆ. ಬೆಳಗಿನಿಂದ ನಿಮ್ಮನ್ನೇ ನೋಡುತ್ತಿದ್ದೇನೆ: ಎಡಗೆನ್ನೆಯ ಗುಳಿ, ಮೂಗುತಿ, ಬಿಸಿಲಿಗೆ ಕಿರಿದಾದ ಕಣ್ಣು. ಬಾಯಿಪಾಠವಾಯಿತು.

ಇನ್ನು ತಿರುಗಿ ನಿಲ್ಲಿ, ಅಜ್ಜಿ.

ನಿಮ್ಮ,
ಅಂಬುಜಾ